ಏಳು ಮಾರು

ಉಯಿಲಿನ ಮೊದಲ ಸಾಲನ್ನು ಆಫೀಸಿನಲ್ಲೇ ಟೈಪು ಮಾಡಿ ತಂದಿದ್ದೆ:
ಫೆಸ್ಟಸ್ ಲ್ಯಾವೆಲ್ ಎಂಬ ನಾನು, ಮನಸ್ಸು ಸೌಂಡ್ ಇರುವಾಗ...
ಅದರ ಕೆಳಗೇ ವಿಳಾಸ:
ಹಳೆಯ ದೋಣಿಕಟ್ಟೆ, ಇನಿಷ್‌ಕೊರ್ರಾ ಸೌಂಡ್, ಮೇಯೊ.
ಪದ ಒಂದೇ, ಸಾಲು ಎರಡು.
ಕಾಗುಣಿತ ತಿದ್ದುವ ಯಂತ್ರಕ್ಕೆ ಏನೂ ಅನ್ನಿಸಲಿಲ್ಲ.

ಎರಡು ನೆಲಗಳ ನಡುವೆ ಇಕ್ಕಟ್ಟಿನಲ್ಲಿ ಹರಿಯುವ ಕಡಲನ್ನು
ನಾವು ಸೌಂಡ್ ಅನ್ನುತ್ತೇವೆ.
ಅದರ ಸೌಂಡ್ ಕೇಳದೆ ಅವನಿಗೆ ಇಪ್ಪತ್ತೆರಡು ವರ್ಷ.
ದೋಣಿಯ ಡೀಸೆಲ್ ಇಂಜಿನ್ನು ಮೊದಲು ಹಕ್ಕಿಗಳನ್ನು ನುಂಗಿತು,
ಆಮೇಲೆ ಹೆಂಗಸರ ದನಿ,
ಕೊನೆಗೆ ತನ್ನನ್ನೇ.

ವಕೀಲ ಪ್ಯಾಡನ್ ಕುರ್ಚಿ ಎಳೆದುಕೊಂಡು ಗಟ್ಟಿಯಾಗಿ ಕೇಳಿದರು
(ಕಿವುಡರ ಮುಂದೆ ಎಲ್ಲರೂ ಗಟ್ಟಿಯಾಗಿಯೇ ಕೇಳುತ್ತಾರೆ):
ಫೆಸ್ಟಸ್, ನೀನು ಸೌಂಡ್ ತಾನೆ?
ಬಾಗಿಲಿಗೆ ಒರಗಿದ್ದ ತಮ್ಮನ ಮಗ,
ನಿನ್ನೆಯಷ್ಟೇ ಮ್ಯಾಂಚೆಸ್ಟರಿನಿಂದ ಬಂದವನು,
ಮೈಯೆಲ್ಲ ಕಿವಿಯಾದ.

ಫೆಸ್ಟಸ್ ತುಟಿ ಓದುತ್ತಾನೆ.
ತುಟಿಯ ಮೇಲೆ ಆ ಪದಕ್ಕೆ ಒಂದೇ ಆಕಾರ,
ಮೀನು ಬಾಯಿ ತೆರೆದು ಮುಚ್ಚಿದ ಹಾಗೆ.
ಸ್ವಲ್ಪ ಹೊತ್ತು ಯೋಚಿಸಿ ಹೇಳಿದ:
"ಇಳಿತದಲ್ಲಿ ಕಬ್ಬಿಣದ ಗೂಟದ ಹತ್ತಿರ ಏಳು ಮಾರು.
ಚರ್ಚಿನ ಗೋಪುರ ಬಿಳಿ ಮನೆಯ ಹಿಂದೆ ಮರೆಯಾದರೆ ಮೂರು.
ಅಲ್ಲಿಂದಾಚೆ ಬಂಡೆ. ನಮ್ಮಪ್ಪನೂ ಹೋಗುತ್ತಿರಲಿಲ್ಲ."

ಪ್ಯಾಡನ್ ಪೆನ್ನು ನಿಂತಿತು.
ತಮ್ಮನ ಮಗ ನನ್ನತ್ತ ಹುಬ್ಬು ಹಾರಿಸಿದ: ನೋಡಿದಿರಲ್ಲ?

ನೋಡಿದೆ. ಮುದುಕ ಎದ್ದು,
ಒಲೆಯ ಪಕ್ಕದ ಗೂಡಿನಿಂದ ಸೀಸದ ಗುಂಡೊಂದನ್ನು ತಂದು
ಹಾರುತ್ತಿದ್ದ ಕಾಗದದ ಮೇಲಿಟ್ಟ.
ಬುಡದಲ್ಲಿ ಕುಳಿ, ಕುಳಿಯಲ್ಲಿ ಕುರಿಯ ಕೊಬ್ಬು.
ಹಗ್ಗ ಕಟ್ಟಿ ಬಿಟ್ಟರೆ ತಳ ಮುಟ್ಟುತ್ತದೆ,
ಎತ್ತಿದಾಗ ಕೊಬ್ಬಿಗೆ ಅಂಟಿಕೊಂಡು ಬರುತ್ತದೆ
ಮರಳೋ, ಚಿಪ್ಪಿನ ಪುಡಿಯೋ, ಕೆಸರೋ.
ಏನೂ ಅಂಟದಿದ್ದರೆ ಬಂಡೆ, ದೋಣಿ ತಿರುಗಿಸು.
ಹೀಗೆ ಆಳ ನೋಡುವುದೂ ಸೌಂಡ್.
ಮಂಜಿನ ದಿನ ಆ ಕೆಸರನ್ನು ನಾಲಗೆಗೆ ಹಚ್ಚಿ
ಎಲ್ಲಿದ್ದೇವೆಂದು ಹೇಳುತ್ತಿದ್ದನಂತೆ.

ಶಾಲೆಯ ಮೇಷ್ಟ್ರು ಒಮ್ಮೆ ಅಂದಿದ್ದರು,
ಅದು ಒಂದು ಪದವೇ ಅಲ್ಲ,
ಬೇರೆ ಬೇರೆ ಊರಿನವರು
ಒಂದೇ ಕೋಟು ತೊಟ್ಟು ಒಂದೇ ಬಸ್ಸಿಗೆ ನಿಂತಿದ್ದಾರೆ.
ಸದ್ದಿನವನ ಕೋಟಿಗೆ ಕೊನೆಯ ಗುಂಡಿ, ಆ 'ಡ್', ಇರಲೇ ಇಲ್ಲ,
ಯಾರೋ ಆಮೇಲೆ ಹೊಲಿದರು.

ಅಮ್ಮ ಹೊಗಳಿಕೆಯಲ್ಲಿ ಜಿಪುಣಿ.
ಪಾದ್ರಿಯನ್ನು ಹೊಗಳಿದವಳಲ್ಲ, ಡಾಕ್ಟರನ್ನಲ್ಲ,
ಅಪ್ಪನನ್ನಂತೂ ಮೊದಲೇ ಅಲ್ಲ.
ಒಂದು ಫೆಬ್ರವರಿಯ ರಾತ್ರಿ, ನಾನಿನ್ನೂ ಅವಳ ಹೊಟ್ಟೆಯಲ್ಲಿದ್ದಾಗ,
ಬೇರೆ ದೋಣಿಗಳೆಲ್ಲ ಹಗ್ಗ ಬಿಗಿದು ಕೂತಿದ್ದಾಗ,
ಅವಳನ್ನು ಆಚೆ ದಡ ಮುಟ್ಟಿಸಿ
ಕಾಸು ಮುಟ್ಟದೆ ಹಿಂದಿರುಗಿದ ಒಬ್ಬನ ಬಗ್ಗೆ ಮಾತ್ರ ಅಂದಳು:
"ಫೆಸ್ಟಸ್? ಸೌಂಡ್."
ಅಷ್ಟೇ. ಚಹಾ ಬಗ್ಗಿಸಿದಳು.

ಇಲ್ಲಿ ಹೇಳಬಾರದು. ಸಾಕ್ಷಿಯ ಸಹಿ ನನ್ನದು, ಸಾಕ್ಷ್ಯ ನನ್ನದಲ್ಲ.
ಲಕೋಟೆಯ ಹಿಂದೆ ದೊಡ್ಡದಾಗಿ ಬರೆದು ತೋರಿಸಿದೆ:
ಕಡಲಲ್ಲ, ನಿನ್ನ ಮನಸ್ಸು.

ಅವನು ಓದಿದ. ನಕ್ಕ. ಒಂದೇ ಹಲ್ಲು, ಗಟ್ಟಿ.
"ಓ, ಆ ಸೌಂಡೇ?
ಅದನ್ನು ನೀವೇ ಅಳೆದುಕೊಳ್ಳಿ ವಕೀಲರೇ.
ನಾನು ಅದರೊಳಗಿದ್ದೇನೆ."

ಪ್ಯಾಡನ್ ಬಹಳ ಹೊತ್ತು ಕನ್ನಡಕ ಒರೆಸಿದರು.
ಆಮೇಲೆ ಬರೆಯಿರಿ ಎಂದರು:
ಮನೆ ತಮ್ಮನ ಮಗನಿಗೆ.
ದೋಣಿ, ಹಗ್ಗ, ಸೀಸದ ಗುಂಡು
ಅದನ್ನು ಹಿಡಿಯಲು ಗೊತ್ತಿರುವ ಅಟ್ರಾಕ್ಟಾ ಮ್ಯಾಂಗನ್‌ಳಿಗೆ.
ಒಲೆಯ ಮುಂದಿನ ನಾಯಿ ಏನೂ ಕೇಳಿಸಿಕೊಳ್ಳಲಿಲ್ಲ.
ಅದರ ನಿದ್ದೆಗೂ ಅದೇ ಪದ.

ಆಫೀಸಿಗೆ ಬಂದು ಕಾಗದ ಬಿಡಿಸಿದರೆ
ಮೊದಲ ಸಾಲಿನ ಮೇಲೆ ಕೊಬ್ಬಿನ ಉಂಗುರ,
ಅದರೊಳಗೆ ಮೂರು ಕಣ ಮರಳು.
ಹೊಸದಾಗಿ ಟೈಪು ಮಾಡಿ ಅಂದರು ಪ್ಯಾಡನ್.
ಸಹಿ ಬಿದ್ದಾಗಿದೆ, ಅಂದೆ.